ಫಾಂಟ್ ಹೋದರೆ ಊರೂ ಹೋಯಿತು

ಗದಗದ ಮೊದಲಕ್ಷರ ಇಂಗ್ಲಿಷಿನ ದೊಡ್ಡ ‘ಯು’. ಬೆಟಗೇರಿಯದು ಅಕ್ಕಪಕ್ಕ ಕುಳಿತ ಎರಡು ಚುಕ್ಕೆ. ಲಕ್ಷ್ಮೇಶ್ವರದ್ದು ಕಂಪನಿಗಳು ತಮ್ಮ ಸರಕಿನ ಹೆಸರಿನ ಪಕ್ಕ ಹಾಕಿಕೊಳ್ಳುವ, ವೃತ್ತದೊಳಗೆ ‘ಆರ್’ ಇರುವ ನೋಂದಣಿ ಗುರುತು. ಶಿರಹಟ್ಟಿ ಶುರುವಾಗುವುದು ಗಣಿತದಲ್ಲಿ ವರ್ಗ ಸೂಚಿಸಲು ಮೇಲೆ ಬರೆಯುವ ಪುಟ್ಟ ಎರಡರಿಂದ. ಮುಂಡರಗಿಯದು ಸ್ಪ್ಯಾನಿಷ್ ಬರಹದಲ್ಲಿ ಅಂಕಿಯ ಹೆಗಲ ಮೇಲೆ ಕೂರುವ ಸಣ್ಣ ‘ಎ’.

ಹೀಗೆಂದರೆ ಊರವರು ನಕ್ಕಾರು. ಡಿಟಿಪಿ ಅಂಗಡಿಯವರು ನಗುವುದಿಲ್ಲ. ಕನ್ನಡ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪಾದ ಲಗ್ನಪತ್ರಿಕೆಯನ್ನೋ, ಪಂಚಾಯಿತಿ ಠರಾವನ್ನೋ, ಪುರಾಣ ಪ್ರವಚನದ ಕರಪತ್ರವನ್ನೋ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅವರಿಗೆ ಕಾಣುವುದು ಇದೇ ಚಿತ್ರ. ಗಿರಾಕಿಗೆ ಗಾಬರಿ: ವೈರಸ್ ಬಂತೇ, ಫೈಲ್ ಕೆಟ್ಟಿತೇ ಎಂದು. ನಿಜವಾಗಿ ಏನೂ ಕೆಟ್ಟಿರುವುದಿಲ್ಲ. ಟೈಪು ಮಾಡಿದ ದಿನ ಯಾವ ಸಂಖ್ಯೆಗಳು ಇದ್ದವೋ ಇಂದೂ ಅವೇ ಸಂಖ್ಯೆಗಳು ಫೈಲಿನಲ್ಲಿ ಕುಳಿತಿವೆ. ‘ಇವನ್ನು ನುಡಿ ಫಾಂಟಿನಲ್ಲಿ ತೋರಿಸು’ ಎಂಬ ಒಂದು ಸೂಚನೆ ಮಾತ್ರ ನಡೆಯಲಿಲ್ಲ.

ದಪ್ಪ ಅಕ್ಷರ, ಓರೆ ಅಕ್ಷರ, ಅಡಿಗೆರೆ, ಫಾಂಟಿನ ಹೆಸರು, ಸಾಲುಗಳ ನಡುವಿನ ಅಂತರ, ಇವೆಲ್ಲವನ್ನೂ ಒಟ್ಟಾಗಿ ಫಾರ್ಮ್ಯಾಟಿಂಗ್ ಎನ್ನುತ್ತಾರೆ. ಇಂಗ್ಲಿಷ್ ಬರಹಗಾರನಿಗೆ ಅದು ಅಲಂಕಾರ. ಕಳೆದುಹೋದರೆ ದಪ್ಪ ಅಕ್ಷರ ತೆಳುವಾಗುತ್ತದೆ, ಅಷ್ಟೇ, ಮಾತು ಉಳಿಯುತ್ತದೆ. ಸುಮಾರು ಎರಡು ದಶಕ ಕನ್ನಡದ ಪಾಡು ಹಾಗಿರಲಿಲ್ಲ. ಫಾರ್ಮ್ಯಾಟಿಂಗ್ ಕಳೆದರೆ ಅಕ್ಷರವೇ ಕಳೆಯಿತು. ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿಯಂಥ ಊರಿನಲ್ಲಿ ಇದು ಬರೀ ತಾಂತ್ರಿಕ ಸಂಗತಿಯಲ್ಲ. ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ, ಸಿಡಿಗಳಲ್ಲಿ ಬಿದ್ದಿರುವ ಪುಸ್ತಕಗಳ ಪ್ರಶ್ನೆ.

ಅಂಚಿನ ಟಿಪ್ಪಣಿ

ಗದಗದ ಅಚ್ಚಿನ ಕಸುಬು ಹಳೆಯದು. ಶಾಬಾದಿಮಠ ಅವರ ಪುಸ್ತಕದಂಗಡಿಯ ನಾಟಕ, ಪುರಾಣಗಳು ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಮಾರಾಟವಾಗುತ್ತಿದ್ದವು. ಸಂಕೇಶ್ವರ ಅವರ ನಿಘಂಟು ಶಾಲಾಮಕ್ಕಳ ಚೀಲದಲ್ಲಿರುತ್ತಿತ್ತು.  ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆ ನೂರಾರು ಗ್ರಂಥಗಳನ್ನು ಹೊರತಂದಿದೆ.

ಸೀಸದ ಮೊಳೆಗಳ ಕಾಲದಲ್ಲಿ ದಪ್ಪ ಅಕ್ಷರ ಎಂಬುದು ಸೂಚನೆಯಾಗಿರಲಿಲ್ಲ, ವಸ್ತುವಾಗಿತ್ತು. ದಪ್ಪ ಮೊಳೆಗೆ ಬೇರೆ ಕೇಸು (ಮೊಳೆಗಳನ್ನಿಡುವ ಮನೆಗಳ ಪೆಟ್ಟಿಗೆ), ಸಣ್ಣ ಮೊಳೆಗೆ ಬೇರೆ ಕೇಸು. ಹಸ್ತಪ್ರತಿಯಲ್ಲಿ ಒಂದು ಪದದ ಕೆಳಗೆ ಅಲೆಗೆರೆ ಎಳೆದಿದ್ದರೆ ದಪ್ಪ, ನೇರಗೆರೆ ಎಳೆದಿದ್ದರೆ ಓರೆ. ಕಂಪೋಜಿಟರ್ ಅದನ್ನು ನೋಡಿ ಬೇರೆ ಕೇಸಿಗೆ ಕೈಹಾಕುತ್ತಿದ್ದ. ‘ಇಲ್ಲಿ ಹೊಸ ಪುಟ’ ಎಂದು ಅಂಚಿನಲ್ಲಿ ಬರೆದಿದ್ದರೆ ಆ ಮಾತನ್ನು ಮೊಳೆಯಲ್ಲಿ ಜೋಡಿಸದೆ, ಹೊಸ ಪುಟ ಶುರುಮಾಡುತ್ತಿದ್ದ. ಬರಹ ಯಾವುದು, ಬರಹದ ಕುರಿತ ಸೂಚನೆ ಯಾವುದು ಎಂಬುದನ್ನು ಅವನ ಕಣ್ಣೇ ಬೇರ್ಪಡಿಸುತ್ತಿತ್ತು.

ಕಂಪ್ಯೂಟರಿಗೆ ಆ ಕಣ್ಣಿಲ್ಲ. ಅದರ ಫೈಲಿನಲ್ಲಿರುವುದು 0ಯಿಂದ 255ರವರೆಗಿನ ಸಂಖ್ಯೆಗಳ ಒಂದು ಉದ್ದನೆಯ ಸಾಲು ಮಾತ್ರ. ಹಾಗಾದರೆ ಅಲೆಗೆರೆಯನ್ನು ಎಲ್ಲಿ ಎಳೆಯುವುದು? ಬರಹದ ಸಾಲಿನೊಳಗೇ ತೂರಿಸಬೇಕೇ, ಪ್ರತ್ಯೇಕ ಪಟ್ಟಿ ಇಡಬೇಕೇ? ಮೊದಲ ತಲೆಮಾರಿನ ವರ್ಡ್ ಪ್ರೊಸೆಸರುಗಳನ್ನು ಬರೆದವರು ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು.

ಚುಕ್ಕೆಯ ಆಜ್ಞೆ, ಗುಪ್ತ ಸಂಖ್ಯೆ

1990ರ ದಶಕದ ಮೊದಲ ಭಾಗದಲ್ಲಿ ನಮ್ಮ ಊರುಗಳ ಕಂಪ್ಯೂಟರ್ ತರಗತಿಗಳ ಫಲಕದ ಮೇಲೆ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ಹೆಸರುಗಳು ಒಟ್ಟಿಗೇ ಇರುತ್ತಿದ್ದವು. ಈ ಪೈಕಿ ವರ್ಡ್ ಪ್ರೊಸೆಸರಾದ ವರ್ಡ್‌ಸ್ಟಾರ್ ಹುಟ್ಟಿದ್ದು 1978ರಲ್ಲಿ, ಅಮೆರಿಕದ ಮೈಕ್ರೋಪ್ರೊ ಕಂಪನಿಯಲ್ಲಿ. ಸೆಮೋರ್ ರೂಬಿನ್‌ಸ್ಟೈನ್ ಅದರ ಒಡೆಯ, ರಾಬ್ ಬಾರ್ನಬಿ ಪ್ರೋಗ್ರಾಂ ಬರೆದವರು.

ವರ್ಡ್‌ಸ್ಟಾರಿನ ಉಪಾಯ ಸರಳವಾಗಿತ್ತು. ಕಂಪ್ಯೂಟರಿನ ಆಸ್ಕಿ ಕೋಷ್ಟಕದಲ್ಲಿ 128 ಸಂಖ್ಯೆಗಳಿವೆ. ಅವುಗಳಲ್ಲಿ ಮೊದಲ 32 ಅಕ್ಷರಗಳಲ್ಲ. ಟೆಲಿಪ್ರಿಂಟರ್ ಕಾಲದ ಆಜ್ಞೆಗಳು. 7 ಎಂದರೆ ಗಂಟೆ ಬಾರಿಸು, 10 ಎಂದರೆ ಕಾಗದ ಒಂದು ಸಾಲು ಮೇಲೆತ್ತು, 13 ಎಂದರೆ ಸಾಲಿನ ಆರಂಭಕ್ಕೆ ಹೋಗು. ಈ ಸಂಖ್ಯೆಗಳಲ್ಲಿ ಕೆಲವನ್ನು ವರ್ಡ್‌ಸ್ಟಾರ್ ತನ್ನ ಅಲೆಗೆರೆಯಾಗಿ ಬಳಸಿಕೊಂಡಿತು. ಕಂಟ್ರೋಲ್ ಕೀಲಿಯೊಂದಿಗೆ ‘ಪಿ’, ಆಮೇಲೆ ‘ಬಿ’ ಒತ್ತಿದರೆ ಫೈಲಿನಲ್ಲಿ 2 ಎಂಬ ಸಂಖ್ಯೆ ಕೂರುತ್ತಿತ್ತು. ಅಲ್ಲಿಂದ ಮುಂದೆ ದಪ್ಪ. ಅದೇ 2 ಮತ್ತೊಮ್ಮೆ ಸಿಕ್ಕಿದರೆ ದಪ್ಪ ಮುಗಿಯಿತು. 19 ಎಂದರೆ ಅಡಿಗೆರೆ, 25 ಎಂದರೆ ಓರೆ. ಡಾಸ್‌ನ ಆ ಪರದೆ ಓರೆ ಅಕ್ಷರವನ್ನು ತೋರಿಸಲಾರದು; ಹಾಗಾಗಿ ಪದದ ಎರಡೂ ಬದಿಗೆ ಟೊಪ್ಪಿಗೆಯಂಥ ಗುರುತಿನ ಜತೆ ಒಂದು ಅಕ್ಷರ ಕಾಣುತ್ತಿತ್ತು.

ಶುರುವಿಗೂ ಕೊನೆಗೂ ಒಂದೇ ಸಂಖ್ಯೆಯಾದ್ದರಿಂದ ಎಡವಟ್ಟೂ ಇತ್ತು. ಅರ್ಜಿಯ ಶೀರ್ಷಿಕೆಗೆ ದಪ್ಪ ಹಾಕಿ ಮುಚ್ಚಲು ಮರೆತರೆ ಇಡೀ ಅರ್ಜಿ ದಪ್ಪವಾಗಿ ಪ್ರಿಂಟಾಗುತ್ತಿತ್ತು. ಇನ್ನೊಂದು ತಮಾಷೆ: ವರ್ಡ್‌ಸ್ಟಾರಿಗೆ ಅಡಿಗೆರೆಯಾದ 19, ಮೋಡೆಮ್ಮಿನಂಥ ಸಲಕರಣೆಗಳಿಗೆ ‘ಕಳಿಸುವುದನ್ನು ನಿಲ್ಲಿಸು’ ಎಂಬ ಸಂಕೇತ. ಹಾಳೆಯ ಮೇಲೆ ಗೆರೆ ಎಳೆಯಬೇಕಾದ ಸಂಖ್ಯೆ ತಂತಿಯ ಮೇಲೆ ಮಾತನ್ನೇ ತಡೆಯುತ್ತಿತ್ತು.

ಪುಟದ ಅಳತೆಗೆ ಬೇರೆ ಏರ್ಪಾಡು. ಸಾಲಿನ ಮೊದಲಿಗೆ ಚುಕ್ಕೆ ಇಟ್ಟು ಎರಡು ಅಕ್ಷರ ಬರೆದರೆ ಅದು ಆಜ್ಞೆ: ಚುಕ್ಕೆ-ಪಿ-ಎ ಎಂದರೆ ಹೊಸ ಪುಟ, ಚುಕ್ಕೆ-ಎಚ್-ಇ ಎಂದರೆ ಪುಟದ ತಲೆಬರಹ, ಚುಕ್ಕೆ-ಓ-ಪಿ ಎಂದರೆ ಪುಟಸಂಖ್ಯೆ ಬೇಡ. ಇದು ವರ್ಡ್‌ಸ್ಟಾರಿನ ಸ್ವಂತ ಕಲ್ಪನೆಯಲ್ಲ. 1964ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್‌ಜರ್ ಬರೆದ ‘ರನ್‌ಆಫ್’ ಎಂಬ ಪ್ರೋಗ್ರಾಮಿನಲ್ಲೂ ಆಜ್ಞೆಗಳು ಚುಕ್ಕೆಯಿಂದಲೇ ಶುರುವಾಗುತ್ತಿದ್ದವು. ಕಂಪೋಜಿಟರನಿಗೆ ಅಂಚಿನಲ್ಲಿ ಬರೆಯುತ್ತಿದ್ದ ಟಿಪ್ಪಣಿ ಇಲ್ಲಿ ಬರಹದ ನಡುವೆಯೇ ಬಂದು ನಿಂತಿತು.

ಎಂಟನೆಯ ಬಿಟ್‌ಗೆ ಇಬ್ಬರು ಹಕ್ಕುದಾರರು

ಆಸ್ಕಿಯ 128 ಸಂಖ್ಯೆಗಳಿಗೆ ಏಳು ಬಿಟ್ ಸಾಕು. ಬೈಟಿನಲ್ಲಿ ಎಂಟು ಬಿಟ್‌ಗಳಿರುತ್ತವೆ. ಉಳಿದ ಆ ಒಂದು ಬಿಟ್ಟನ್ನು ವರ್ಡ್‌ಸ್ಟಾರ್ ಸುಮ್ಮನೆ ಬಿಡಲಿಲ್ಲ. ಸಾಲಿನ ಎರಡೂ ಅಂಚು ಸಮನಾಗಿರಬೇಕಾದರೆ ಪದಗಳ ನಡುವೆ ಜಾಗ ಹಿಗ್ಗಿಸಬೇಕು. ಎಲ್ಲಿ ಹಿಗ್ಗಿಸಬಹುದು ಎಂದು ಗೊತ್ತಾಗಲು ಪ್ರತಿ ಪದದ ಕೊನೆಯ ಅಕ್ಷರದಲ್ಲಿ ಆ ಬಿಟ್ಟನ್ನು ಬಳಸಿ, ಅಂದರೆ ಅಕ್ಷರದ ಸಂಖ್ಯೆಗೆ 128 ಕೂಡಿಸಿಡುತ್ತಿತ್ತು. ಬರೆಯುವವರು ತಾವಾಗಿ ಎಂಟರ್ ಒತ್ತಿ ಮುರಿದ ಸಾಲಿಗೆ 13, ಜಾಗ ಸಾಲದೆ ತಾನಾಗಿ ಮುರಿದ ಸಾಲಿಗೆ 141. ಬರಹಕ್ಕೆ ಒಂದು ಪದ ಸೇರಿಸಿದಾಗ ಯಾವ ಸಾಲುಗಳನ್ನು ಮತ್ತೆ ಜೋಡಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಇದರಿಂದ ತಿಳಿಯುತ್ತಿತ್ತು.

ಜಾಣತನವೇನೋ ಹೌದು. ಆದರೆ ಅದೇ ಬಿಟ್ ಭಾರತೀಯ ಭಾಷೆಗಳಿಗೂ ಬೇಕಾಗಿತ್ತು. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ, ಕಂಪ್ಯೂಟರಿಗೆ ಒಂದು ಕಾರ್ಡ್ ಜೋಡಿಸಿ ಡಾಸ್ ಮೇಲೆ ಭಾರತೀಯ ಲಿಪಿಗಳನ್ನು ತೋರಿಸುತ್ತಿತ್ತು. ಅದರ ಜತೆಗೇ ರೂಪುಗೊಂಡ ‘ಇಸ್ಕಿ’ ಸಂಕೇತವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಮಾನಕವಾಗಿ ಸ್ವೀಕರಿಸಿತು. ಇಸ್ಕಿಯ ಲೆಕ್ಕ ಹೀಗೆ: 128ರ ಕೆಳಗೆ ಇಂಗ್ಲಿಷ್, ಮೇಲೆ ನಮ್ಮ ಅಕ್ಷರಗಳು. ‘ಗ’ 181, ‘ದ’ 196. ‘ಗದಗ’ ಎಂದರೆ 181, 196, 181, ಮೂರೇ ಸಂಖ್ಯೆ.

ಈಗ ಲಕ್ಷ್ಮೇಶ್ವರದ ಹೆಸರನ್ನು ಇಂಗ್ಲಿಷಿನಲ್ಲಿ ವರ್ಡ್‌ಸ್ಟಾರಿನೊಳಗೆ ಟೈಪು ಮಾಡಿದರೆಂದುಕೊಳ್ಳಿ. ಕೊನೆಯ ‘ಆರ್’ ಆಸ್ಕಿಯಲ್ಲಿ 114. ಪದದ ಕೊನೆ ಎಂದು ವರ್ಡ್‌ಸ್ಟಾರ್ 128 ಕೂಡಿಸಿದರೆ 242. ಇಸ್ಕಿ ಕೋಷ್ಟಕದಲ್ಲಿ 242ರ ಜಾಗದಲ್ಲಿರುವುದು ‘೧’ ಎಂಬ ಅಂಕಿ. ಇಂಗ್ಲಿಷಿನ ಊರಹೆಸರಿನ ಬಾಲಕ್ಕೆ ಕನ್ನಡದ ಒಂದು! ವರ್ಡ್‌ಸ್ಟಾರಿನ ಮುಂದಿನ ಆವೃತ್ತಿಗಳು ಮೇಲಿನ ಅರ್ಧದ ಅಕ್ಷರಗಳನ್ನು 27 ಮತ್ತು 28 ಎಂಬ ಎರಡು ಸಂಖ್ಯೆಗಳ ನಡುವೆ ಇಟ್ಟು ಕಾಪಾಡುವ ದಾರಿ ಕಂಡುಕೊಂಡವು. ಆದರೆ ಮೂಲ ತೊಡಕು ಗಮನಿಸಬೇಕಾದದ್ದು: ಅಮೆರಿಕದ ಪ್ರೋಗ್ರಾಮರಿಗೆ ಖಾಲಿ ಕಂಡ ಜಾಗ ಕನ್ನಡಕ್ಕೆ ಇದ್ದ ಏಕೈಕ ಜಾಗವಾಗಿತ್ತು.

ಇಸ್ಕಿಯಲ್ಲೂ ಫಾರ್ಮ್ಯಾಟಿಂಗ್ ಇತ್ತು ಎಂಬುದು ಇಂದು ಹೆಚ್ಚಿನವರಿಗೆ ಗೊತ್ತಿಲ್ಲ. 239 ಎಂಬ ಸಂಖ್ಯೆ ಬಂದರೆ ಅದರ ಮುಂದಿನ ಸಂಖ್ಯೆ ಅಕ್ಷರವಲ್ಲ, ಗುಣ ಸೂಚಕ. 239ರ ಮುಂದೆ 48 ಬಂದರೆ ದಪ್ಪ, 49 ಬಂದರೆ ಓರೆ, 50 ಬಂದರೆ ಅಡಿಗೆರೆ. ಅದೇ ಪಟ್ಟಿಯಲ್ಲಿ ಇನ್ನೂ ಮುಂದೆ ಹೋದರೆ 66 ದೇವನಾಗರಿ, 69 ತೆಲುಗು, 72 ಕನ್ನಡ. ಅಂದರೆ ಇಸ್ಕಿಯ ಕಣ್ಣಿನಲ್ಲಿ ಲಿಪಿಯೂ ದಪ್ಪ-ಓರೆಗಳ ಸಾಲಿನಲ್ಲೇ ನಿಲ್ಲುವ ಒಂದು ಗುಣ. 181, 196, 181ರ ಹಿಂದೆ 72 ಇದ್ದರೆ ಕನ್ನಡದಲ್ಲಿ ಗದಗ. 66 ಇದ್ದರೆ ರೈಲ್ವೆ ಫಲಕದ ಹಿಂದಿ ಗದಗ. ಸೂಚನೆ ಕಳೆದುಹೋದರೂ ‘ಗ’ ‘ಗ’ವಾಗಿಯೇ, ‘ದ’ ‘ದ’ವಾಗಿಯೇ ಉಳಿಯುತ್ತಿತ್ತು. ಈ ಒಳ್ಳೆಯ ಗುಣ ಮುಂದೆ ಬಂದ ಡಿಟಿಪಿ ಫೈಲುಗಳಿಗೆ ಇರಲಿಲ್ಲ.

ಸಂಕೇತ ಬಿಚ್ಚಿ ತೋರಿಸಿದವರು, ಬಚ್ಚಿಟ್ಟವರು

ವರ್ಡ್‌ಸ್ಟಾರನ್ನು ಹಿಂದಿಕ್ಕಿದ್ದು ವರ್ಡ್‌ಪರ್ಫೆಕ್ಟ್. ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ಆಶ್ಟನ್ ಮತ್ತು ಅವರ ವಿದ್ಯಾರ್ಥಿ ಬ್ರೂಸ್ ಬಾಸ್ಟಿಯನ್ 1970ರ ದಶಕದ ಕೊನೆಯಲ್ಲಿ ಓರೆಮ್ ಎಂಬ ಊರಿನ ನಗರಾಡಳಿತಕ್ಕಾಗಿ ಇದನ್ನು ಬರೆದರು. ಇದರಲ್ಲೂ ಸಂಕೇತಗಳು ಬರಹದ ಸಾಲಿನೊಳಗೇ ಇದ್ದವು. ಆದರೆ ಶುರುವಿಗೂ ಕೊನೆಗೂ ಬೇರೆ ಬೇರೆ ಸಂಖ್ಯೆ. 5.1ನೇ ಆವೃತ್ತಿಯಲ್ಲಿ ದಪ್ಪ ಶುರುವಾಗುವುದು 195, 12, 195 ಎಂದು. ಮುಗಿಯುವುದು 196, 12, 196 ಎಂದು. 12ರ ಎರಡೂ ಬದಿಗೆ ಒಂದೇ ಸಂಖ್ಯೆ ಇಟ್ಟಿದ್ದಕ್ಕೆ ಕಾರಣವಿದೆ. ಕರ್ಸರ್ ಹಿಂದಕ್ಕೆ ಚಲಿಸುವಾಗಲೂ ಪ್ರೋಗ್ರಾಮಿಗೆ ಇದು ಸಂಕೇತವೆಂದು ತಟ್ಟನೆ ತಿಳಿಯಬೇಕು.

ಇದರ ಹೆಚ್ಚುಗಾರಿಕೆ ಇನ್ನೊಂದು. ಒಂದು ಕೀಲಿ ಒತ್ತಿದರೆ ಪರದೆ ಎರಡಾಗಿ ಒಡೆದು, ಕೆಳಭಾಗದಲ್ಲಿ ಅಡಗಿದ್ದ ಸಂಕೇತಗಳೆಲ್ಲ ಹೆಸರುಸಹಿತ ಕಾಣುತ್ತಿದ್ದವು. ಬೇಡದ್ದನ್ನು ಅಲ್ಲೇ ಅಳಿಸಬಹುದಿತ್ತು. ಅಮೆರಿಕದ ವಕೀಲರು, ಅವರ ಟೈಪಿಸ್ಟರು ವರ್ಷಗಟ್ಟಲೆ ಇದನ್ನು ಬಿಡಲೊಲ್ಲದೆ ಹಟ ಹಿಡಿದದ್ದಕ್ಕೆ ಈ ಒಂದು ಸೌಲಭ್ಯ ದೊಡ್ಡ ಕಾರಣ.

ಮೈಕ್ರೋಸಾಫ್ಟ್ ವರ್ಡ್ ಹಿಡಿದದ್ದು ಉಲ್ಟಾ ದಾರಿ. 1974ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಚಾರ್ಲ್ಸ್ ಸಿಮೋನಿ ಮತ್ತು ಬಟ್ಲರ್ ಲ್ಯಾಂಪ್ಸನ್ ‘ಬ್ರಾವೊ’ ಎಂಬ ಪ್ರೋಗ್ರಾಂ ಕಟ್ಟಿದ್ದರು. ಅದರ ವಿಚಾರಗಳನ್ನು ಹೊತ್ತುಕೊಂಡೇ ಸಿಮೋನಿ ಮೈಕ್ರೋಸಾಫ್ಟಿಗೆ ಬಂದರು. ಅವರೂ ರಿಚರ್ಡ್ ಬ್ರೋಡಿಯೂ ಸೇರಿ ಮಾಡಿದ ವರ್ಡ್ 1983ರಲ್ಲಿ ಹೊರಬಂತು. ಅದರ ಫೈಲಿನಲ್ಲಿ ಬರಹ ಬರಹವಾಗಿಯೇ ಒಂದು ಕಡೆ. ಅದರ ನಂತರ, 128 ಬೈಟುಗಳ ತುಂಡುಗಳಲ್ಲಿ, ‘ಇಂತಿಷ್ಟನೇ ಅಕ್ಷರದಿಂದ ಇಂತಿಷ್ಟನೇ ಅಕ್ಷರದವರೆಗೆ ದಪ್ಪ, ಫಾಂಟು ಇದು, ಅಳತೆ ಇಷ್ಟು’ ಎಂಬ ಪಟ್ಟಿಗಳು. ಅಕ್ಷರಗಳಿಗೊಂದು ಪಟ್ಟಿ, ಪ್ಯಾರಾಗಳಿಗೊಂದು ಪಟ್ಟಿ. ಪ್ಯಾರಾದ ಗುಣಗಳೆಲ್ಲ ಅದರ ಕೊನೆಯ ಎಂಟರ್ ಗುರುತಿಗೆ ಅಂಟಿಕೊಂಡಿರುತ್ತವೆ. ಎರಡು ಪ್ಯಾರಾಗಳ ನಡುವಿನ ಎಂಟರ್ ಅಳಿಸಿದಾಗ ಮೇಲಿನ ಪ್ಯಾರಾದ ಅಂದಚೆಂದ ಒಮ್ಮೆಲೇ ಬದಲಾಗುವುದನ್ನು ಕಂಡು ತಲೆಕೆರೆದುಕೊಂಡ ಡಿಟಿಪಿಯವರಿಗೆ ಕಾರಣ ಇಲ್ಲಿದೆ.

ಈ ವ್ಯವಸ್ಥೆಯಲ್ಲಿ ಒಂದು ಅಪಾಯವೂ ಇತ್ತು. ಫ್ಲಾಪಿಗಳು ನಿಧಾನ; ಪ್ರತಿ ಸಲ ಇಡೀ ಫೈಲ್ ಬರೆಯುವ ಬದಲು ಹೊಸ ಬದಲಾವಣೆಯನ್ನು ಮಾತ್ರ ಕೊನೆಗೆ ಸೇರಿಸಿ, ‘ಇಲ್ಲಿಂದ ಇಷ್ಟು, ಅಲ್ಲಿಂದ ಅಷ್ಟು ಓದಿಕೋ’ ಎಂದು ಪಟ್ಟಿ ತಿದ್ದುವ ‘ಫಾಸ್ಟ್ ಸೇವ್’ ಎಂಬ ಸೌಲಭ್ಯವಿತ್ತು. ಪರದೆಯ ಮೇಲೆ ಅಳಿಸಿದ ವಾಕ್ಯ ಫೈಲಿನೊಳಗೆ ಜೀವಂತವಾಗಿ ಉಳಿದಿರುತ್ತಿತ್ತು. ಬೇರೆ ಪ್ರೋಗ್ರಾಮಿನಲ್ಲಿ ಆ ಫೈಲ್ ತೆರೆದವರಿಗೆ ಅಳಿಸಿದ ಮಾತೂ ಓದಲು ಸಿಗುತ್ತಿತ್ತು.

ಇಷ್ಟು ಜಾಣ ಗಂಟನ್ನು ಹೊರಗಿನವರು ಬಿಚ್ಚುವುದು ಹೇಗೆ? ಅದಕ್ಕೆಂದೇ ಮೈಕ್ರೋಸಾಫ್ಟ್ 1987ರಲ್ಲಿ ‘ಆರ್‌ಟಿಎಫ್’ ಎಂಬ ಬಿಚ್ಚುಮನದ ರೂಪವನ್ನು ಪ್ರಕಟಿಸಿತು. ಅದರಲ್ಲಿ ಎಲ್ಲವೂ ಓದಬಹುದಾದ ಅಕ್ಷರಗಳಲ್ಲೇ ಇರುತ್ತದೆ: ಓರೆಗೆರೆಯ ಮುಂದೆ ‘ಬಿ’ ಬಂದರೆ ದಪ್ಪ, ‘ಬಿ-0’ ಬಂದರೆ ದಪ್ಪ ಮುಗಿಯಿತು. ಫೈಲಿನ ತಲೆಯಲ್ಲೇ ಬಳಸಿದ ಫಾಂಟುಗಳ ಹೆಸರಿನ ಪಟ್ಟಿ. ವರ್ಡ್‌ನ ಮೂಲ ಡಾಕ್ ಫೈಲಿನ ಒಳವಿವರಗಳನ್ನು ಕಂಪನಿ ಎಲ್ಲರಿಗೂ ತೆರೆದಿಟ್ಟದ್ದು 2008ರಲ್ಲಿ.

ಮೊಳೆಯ ಕೇಸೇ ಫಾಂಟಾಯಿತು

ವಿಂಡೋಸ್ ಮತ್ತು ಪುಟ ಜೋಡಿಸುವ ಪೇಜ್‌ಮೇಕರ್ ಬಂದಾಗ ಕನ್ನಡಕ್ಕೆ ಹೊಸ ದಾರಿ ತೆರೆಯಿತು, ಹೊಸ ಬಲೆಯೂ ಹಾಸಿಕೊಂಡಿತು. ಆ ಪ್ರೋಗ್ರಾಮುಗಳಿಗೆ ಕನ್ನಡ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಒಂದು ಸಂಖ್ಯೆಗೆ ಫಾಂಟಿನಲ್ಲಿ ಯಾವ ಚಿತ್ರವಿದೆಯೋ ಅದನ್ನು ತೋರಿಸು. ಹಾಗಾದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಇಟ್ಟರಾಯಿತು! 1980ರ ದಶಕದಲ್ಲಿ ‘ಸೇಡಿಯಾಪು’ ತಂತ್ರಾಂಶ ರೂಪಿಸಿದ ಕೆ.ಪಿ. ರಾವ್ ಅವರ ಕೀಲಿಮಣೆ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ‘ಶ್ರೀಲಿಪಿ’, ‘ಆಕೃತಿ’, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಹೀಗೆ ಕನ್ನಡದ ಡಿಟಿಪಿ ಬೆಳೆಯಿತು. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೇ ರಾಜ್ಯ ಸರ್ಕಾರದ ಅಧಿಕೃತ ಕೀಲಿಮಣೆಯಾಯಿತು. ಇವರೆಲ್ಲ ಇಲ್ಲದಿದ್ದರೆ ಗದಗದ ಮುದ್ರಣಾಲಯಗಳು ಮೊಳೆಯಿಂದ ಆಫ್‌ಸೆಟ್‌ಗೆ ಅಷ್ಟು ಬೇಗ ಹಾರುತ್ತಿರಲಿಲ್ಲ.

ಫಾಂಟಿನಲ್ಲಿ ಇನ್ನೂರು ಚಿಲ್ಲರೆ ಜಾಗವಷ್ಟೇ ಇತ್ತು. ಕನ್ನಡದ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಇಡಿಯಾಗಿ ತುಂಬಲು ಅದು ಸಾಲದು. ಹಾಗಾಗಿ ಅಕ್ಷರವನ್ನು ತುಂಡು ಮಾಡಿದರು: ಬುಡ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಬೆಟಗೇರಿಯ ಹಳೆಯ ಕಂಪೋಜಿಟರನಿಗೆ ಇದು ಹೊಸದಲ್ಲ. ಅವನ ಕೇಸಿನಲ್ಲೂ ಕೊಂಬು, ಒತ್ತುಗಳಿಗೆ ಬೇರೆ ಮನೆಗಳಿದ್ದವು. ಮೊಳೆಯ ಕೇಸೇ ಕಂಪ್ಯೂಟರಿನೊಳಗೆ ಬಂದು ಕುಳಿತಿತು.

‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಗ’ದ ಬುಡ ಕೂತದ್ದು ಇಂಗ್ಲಿಷ್ ದೊಡ್ಡ ‘ಯು’ ಜಾಗದಲ್ಲಿ, 85. ತಲೆಕಟ್ಟು 192. ‘ದ’ದ ಬುಡ ಸಣ್ಣ ‘ಝಡ್’ ಜಾಗದಲ್ಲಿ, 122. ಆದ್ದರಿಂದ ಗದಗ ಎಂದರೆ 85, 192, 122, 192, 85, 192. ಇಸ್ಕಿಯ ಮೂರು ಸಂಖ್ಯೆ ಇಲ್ಲಿ ಆರಾಯಿತು. ಆ ಆರರಲ್ಲಿ ಒಂದೂ ‘ನಾನು ಕನ್ನಡ’ ಎನ್ನುವುದಿಲ್ಲ. ಹಾಗೆನ್ನುವುದು ವರ್ಡ್‌ನ ಪಟ್ಟಿಯಲ್ಲಿರುವ ಫಾಂಟಿನ ಹೆಸರು ಮಾತ್ರ. ‘ಕವಿರಾಜಮಾರ್ಗ’ ಒಳ್ಳೆಯ ಕನ್ನಡದ ನೆಲೆಗಳನ್ನು ಎಣಿಸುವಾಗ ಹೆಸರಿಸಿದ ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಆ ಪುಲಿಗೆರೆ ಕಂಪ್ಯೂಟರಿನಲ್ಲಿ ಕನ್ನಡದ ಊರಾಗಿ ಉಳಿಯಲು ಫಾಂಟಿನ ಹೆಸರನ್ನೇ ನೆಚ್ಚಿಕೊಳ್ಳಬೇಕಾಯಿತು.

ಇದರ ಪರಿಣಾಮಗಳನ್ನು ಊರುಗಳ ಹೆಸರಿನಲ್ಲೇ ನೋಡಬಹುದು. ‘ಮ’ಕ್ಕೆ ಸ್ವಂತ ಬುಡವಿಲ್ಲ, ‘ವ’ದ ಬುಡಕ್ಕೆ ತಲೆಕಟ್ಟು, ಕೊಂಬು ಸೇರಿಸಿದರೆ ‘ಮ’. ಮುಂಡರಗಿಯೂ ಶಿರಹಟ್ಟಿ ತಾಲ್ಲೂಕಿನ ವರವಿಯೂ ಶುರುವಾಗುವುದು ಒಂದೇ 170ರಿಂದ. ಊರುಗಳನ್ನು ಬರೀ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಗದಗ, ಬೆಟಗೇರಿ, ವರವಿ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ಬರುತ್ತದೆ; ಅಕಾರಾದಿಯಲ್ಲಿ ಕೊನೆಗೆ ಹತ್ತಿರವಿರಬೇಕಾದ ವರವಿ ಮುಂಡರಗಿಗಿಂತ ಮುಂದೆ! ಗದಗದ ‘ಗ’ 85, ಮುಂಡರಗಿಯ ‘ಗಿ’ ಅದಕ್ಕೆ ಸಂಬಂಧವೇ ಇಲ್ಲದ 86. ಶಿರಹಟ್ಟಿಯಲ್ಲಿ ಮೊದಲು ‘ಟಿ’ ಬಂದು ಆಮೇಲೆ ಒತ್ತು. ನಾವು ಉಚ್ಚರಿಸುವ ಕ್ರಮವಲ್ಲ, ಕಣ್ಣಿಗೆ ಕಾಣುವ ಕ್ರಮ.

ವರ್ಡ್ ಕೂಡ ತನ್ನ ಬುದ್ಧಿ ಬಿಡುತ್ತಿರಲಿಲ್ಲ. ಅದರ ಲೆಕ್ಕದಲ್ಲಿ ಇದೆಲ್ಲ ಕೆಟ್ಟ ಇಂಗ್ಲಿಷ್. ವಾಕ್ಯದ ಮೊದಲಿಗೆ ಸಣ್ಣಕ್ಷರ ಕಂಡರೆ ತಾನಾಗಿ ದೊಡ್ಡದು ಮಾಡುವ ಅಭ್ಯಾಸ ಅದಕ್ಕೆ. ಸಣ್ಣ ‘ಝಡ್’ ಎಂದರೆ ‘ದ’, ದೊಡ್ಡ ‘ಝಡ್’ ಎಂದರೆ ‘ಚ’. ಹೀಗೆ ‘ದೇವರು’ ಎಂದು ಶುರುವಾಗುವ ವಾಕ್ಯ ‘ಚೇವರು’ ಆಗಿಬಿಡುವುದು. ಹೊಸ ಕಂಪ್ಯೂಟರ್ ಬಂದ ಕೂಡಲೇ ಆಟೋಕರೆಕ್ಟ್ ಬಂದ್ ಮಾಡುವುದು ಕನ್ನಡ ಡಿಟಿಪಿಯವರ ಮೊದಲ ಕೆಲಸವಾದದ್ದು ಇಂಥ ಕಾರಣಕ್ಕೆ.

ಫಾಂಟಿನ ಹೆಸರೇ ಸಾಕ್ಷಿ

1991ರಲ್ಲಿ, ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರ ಕನ್ನಡ ವಿಭಾಗ ಇಸ್ಕಿಯ ಕ್ರಮವನ್ನೇ ಅನುಸರಿಸಿದೆ, ಆದರೆ ಒಂದು ವ್ಯತ್ಯಾಸದೊಂದಿಗೆ. ಕನ್ನಡದ ‘ಗ’ಕ್ಕೆ ಬೇರೆ ಸಂಖ್ಯೆ, ದೇವನಾಗರಿಯದಕ್ಕೆ ಬೇರೆ ಸಂಖ್ಯೆ, ಲಿಪಿ ಇನ್ನು ಗುಣವಲ್ಲ, ಅಕ್ಷರದ್ದೇ ಭಾಗ. ದಪ್ಪ, ಓರೆ, ಅಡಿಗೆರೆಗಳನ್ನು ಯುನಿಕೋಡ್ ತನ್ನ ಹೊಣೆಯಲ್ಲವೆಂದು ಹೊರಗಿಟ್ಟಿತು. ಅವುಗಳನ್ನು ವರ್ಡ್‌ನಂಥ ಪ್ರೋಗ್ರಾಮುಗಳೇ ನೋಡಿಕೊಳ್ಳಲಿ. ಫಾರ್ಮ್ಯಾಟಿಂಗ್ ಪೂರ್ತಿ ಕಳೆದರೂ ಗದಗ ಗದಗವಾಗಿಯೇ ಇರಲಿ ಎಂಬುದು ಅದರ ನಿಲುವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯುನಿಕೋಡ್ ಫಾಂಟು ‘ತುಂಗಾ’ ಇತ್ತು. ರಾಜ್ಯ ಸರ್ಕಾರ ತನ್ನ ಕಚೇರಿಗಳಿಗೆ ಯುನಿಕೋಡ್ ಕಡ್ಡಾಯವೆಂದದ್ದು 2012ರಲ್ಲಿ.

ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅಂದರೆ ಈ ಜಿಲ್ಲೆಯ ಮೊದಲ ಹದಿನೈದು ವರ್ಷ ಫಾಂಟುಗಳ ಕಾಲಕ್ಕೇ ಸೇರಿದ್ದು. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ವಚನ ಸಂಪುಟ, ಸ್ಥಳಪುರಾಣ, ಸಹಕಾರಿ ಸಂಘಗಳ ವಾರ್ಷಿಕ ವರದಿ, ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ ಮುಂತಾಗಿ ಆ ಅವಧಿಯಲ್ಲಿ ಅಚ್ಚಾದದ್ದು ಡಿಟಿಪಿ ಫೈಲುಗಳಿಂದ. ಅಚ್ಚಾದ ಪ್ರತಿ ಸಿಗುತ್ತದೆ, ಫೈಲ್ ಸಿಗುವುದಿಲ್ಲ, ಸಿಕ್ಕರೆ ತೆರೆಯುವುದಿಲ್ಲ, ತೆರೆದರೆ ಓದಲಾಗುವುದಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್6ರವರೆಗೆ ಮಾತ್ರ ಆ ಹಳೆಯ ಫೈಲುಗಳನ್ನು ತೆರೆಯುತ್ತಿತ್ತು, ಅನಂತರ ಆ ಬಾಗಿಲೂ ಮುಚ್ಚಿತು.

ಪರಿಹಾರ ಇಲ್ಲವೆಂದಲ್ಲ. ಹಳೆಯ ಸಂಕೇತವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. 170ರ ಮುಂದೆ ತಲೆಕಟ್ಟು, ಕೊಂಬು ಬಂದರೆ ‘ಮ’, ‘ಟಿ’ಯ ಆಮೇಲೆ ಒತ್ತು ಬಂದರೆ ‘ಟ್ಟಿ’ ಎಂದು ಅವು ಲೆಕ್ಕ ಹಾಕಿ ತಿದ್ದುತ್ತವೆ. ಆದರೆ ಒಂದು ಎಚ್ಚರ ಬೇಕು. ಪುಸ್ತಕದ ನಡುವೆ ಇಂಗ್ಲಿಷ್ ಪದಗಳೂ ಇರುತ್ತವೆ. ಅಲ್ಲಿರುವ ‘ಯು’ ನಿಜಕ್ಕೂ ‘ಯು’ವೇ, ಇಲ್ಲ ‘ಗ’ವೇ ಎಂಬುದನ್ನು ಹೇಳಬಲ್ಲದ್ದು ಫಾಂಟಿನ ಹೆಸರು ಮಾತ್ರ. ಫೈಲನ್ನು ಮೊದಲೇ ‘ಪ್ಲೇನ್ ಟೆಕ್ಸ್ಟ್’ ಆಗಿ ಉಳಿಸಿ ಫಾಂಟಿನ ಹೆಸರು ಅಳಿಸಿಬಿಟ್ಟರೆ ಆ ಸಾಕ್ಷಿಯೂ ಹೋಯಿತು. ಪರಿವರ್ತಕ ಇಂಗ್ಲಿಷ್ ಪದಗಳನ್ನೂ ಕನ್ನಡದ ಕಲಸುಮೇಲೋಗರ ಮಾಡುತ್ತದೆ. ‘ನುಡಿ’ಯ ಸಂಕೇತ ಬೇರೆ, ‘ಶ್ರೀಲಿಪಿ’ಯದು ಬೇರೆ, ‘ಆಕೃತಿ’ಯದು ಬೇರೆ, ಯಾವುದು ಎಂದು ತಿಳಿಯಲೂ ಅದೇ ಹೆಸರು ಬೇಕು.

ಪಿಡಿಎಫ್ ಇದ್ದರೆ ಸಾಕಲ್ಲವೇ ಎನ್ನುವವರಿದ್ದಾರೆ. ಅದರೊಳಗೆ ಫಾಂಟು ಅಡಕವಾಗಿರುವುದರಿಂದ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಪ್ರಿಂಟೂ ಸರಿಯಾಗಿ ಬರುತ್ತದೆ. ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ‘ಮುಂಡರಗಿ’ ಎಂದು ಹುಡುಕಿ ನೋಡಿದರೆ ಮಾತ್ರ ಒಂದೂ ಸಿಗುವುದಿಲ್ಲ, ಒಳಗಿರುವುದು ಆ ಹಳೆಯ ಸಂಖ್ಯೆಗಳೇ.

ಹಾಗಾಗಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮುದ್ರಣಾಲಯಗಳಿಗೆ, ಮಠಗಳ ಪ್ರಕಾಶನ ವಿಭಾಗಗಳಿಗೆ, ಸ್ವಂತ ಪುಸ್ತಕ ಮಾಡಿಸಿದ ಲೇಖಕರಿಗೆ ಒಂದು ವಿನಂತಿ. ಹಳೆಯ ಸಿಡಿ, ಹಾರ್ಡ್‌ಡಿಸ್ಕುಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳಲ್ಲಿನ ಡಾಕ್, ಆರ್‌ಟಿಎಫ್, ಪೇಜ್‌ಮೇಕರ್ ಫೈಲುಗಳನ್ನು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಿ. ಬಳಸಿದ ಫಾಂಟ್ ಫೈಲುಗಳನ್ನೂ ಅದೇ ಫೋಲ್ಡರಿನಲ್ಲಿಡಿ. ಯಾವ ತಂತ್ರಾಂಶ, ಯಾವ ಆವೃತ್ತಿ ಎಂದು ಒಂದು ಚೀಟಿ ಬರೆದಿಡಿ. ಫಾಂಟಿನ ಹೆಸರು ಇರುವಾಗಲೇ ಯುನಿಕೋಡಿಗೆ ತಿರುಗಿಸಿ, ಕರಡು ತಿದ್ದುವವರಿಂದ ಒಮ್ಮೆ ಓದಿಸಿ. ಗದಗದಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಜಿಲ್ಲೆಯ ಕಾಲೇಜುಗಳೂ ವಿದ್ಯಾರ್ಥಿಗಳಿಗೆ ಇದನ್ನೊಂದು ಕೆಲಸವಾಗಿ ಕೊಡಬಹುದು. ಆ ಕಾಲದ ಫೈಲುಗಳನ್ನು ಟೈಪು ಮಾಡಿದ ಡಿಟಿಪಿಯವರಲ್ಲಿ ಅನೇಕರು ಇನ್ನೂ ಅದೇ ಕಸುಬಿನಲ್ಲಿದ್ದಾರೆ. ಯಾವ ಫೈಲಿಗೆ ಯಾವ ಫಾಂಟು ಎಂದು ಅವರನ್ನು ಕೇಳಿ ಬರೆದುಕೊಳ್ಳಲು ಇದು ಸರಿಯಾದ ಸಮಯ.